ಧೋತರದ ಹಿಂದೆ ಬರೆದ ಚೀಟಿ

ಬ್ಯಾಡಗಿಯಲ್ಲಿ ನನ್ನ ಕಾಕಾ ಹಾರ್ಮೋನಿಯಂ ದುರಸ್ತಿ ಮಾಡುತ್ತಿದ್ದರು. ಸುತ್ತಲಿನ ಊರುಗಳ ಭಜನಾ ಮೇಳದವರು ಪೇಟಿ ತಂದು ಪಡಸಾಲೆಯಲ್ಲಿ ಇಳಿಸಿದರೆ, ಒಂದೊಂದೇ ಹಿತ್ತಾಳೆಯ ರೀಡು ಕೆರೆದು, ನುಡಿಸಿ, ಮತ್ತೆ ಕೆರೆದು ಸ್ವರ ಕೂಡಿಸಿ ಕೊಡುವರು. ಅಳೆಯಲು ಯಾವ ಯಂತ್ರವೂ ಇರಲಿಲ್ಲ, ಕಿವಿಯಷ್ಟೇ.

ನಾನು ಆಗ ಹಾವೇರಿಯ ಕಾಲೇಜಿನಲ್ಲಿದ್ದೆ. ಎಂಬತ್ತರ ದಶಕ ಮುಗಿಯುತ್ತಿತ್ತು. ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಗೆದ್ದು, ದೇವರ ಅಂಗಾರದಿಂದ ಹಿಡಿದು ಜಾತಕದವರೆಗೆ ಎಲ್ಲದಕ್ಕೂ ಪುರಾವೆ ಕೇಳುವ ಚಟ ಹತ್ತಿತ್ತು. ಕಾಕಾ ನನ್ನನ್ನು ‘ವಕೀಲರು’ ಎಂದೇ ಕರೆಯುತ್ತಿದ್ದರು.

ಆ ವರ್ಷ ಮಸ್ಕತ್ತಿನಲ್ಲಿದ್ದ ಗೆಳೆಯರೊಬ್ಬರು ಕಾಕಾರ ರೆಕಾರ್ಡ್ ಪ್ಲೇಯರಿಗೆ, ಮುಳ್ಳು ಕೂರುವ ಮೂವಿಂಗ್ ಕಾಯಿಲ್ ಕಾರ್ಟ್ರಿಜ್ ತಂದುಕೊಟ್ಟರು. ಸಾಮಾನ್ಯ ಕಾರ್ಟ್ರಿಜ್ಜಿನಲ್ಲಿ ಮುಳ್ಳಿನ ಜೊತೆ ಅಯಸ್ಕಾಂತ ಅಲುಗಿದರೆ, ಇದರಲ್ಲಿ ಕೂದಲೆಳೆಯಂಥ ತಂತಿಯ ಸುರುಳಿ ಅಲುಗುತ್ತದೆ. ನಾದ ಸ್ವಚ್ಛ, ಹೊರಡುವ ವಿದ್ಯುತ್ತು ಮಾತ್ರ ತೀರ ಅಲ್ಪ. ಆಂಪ್ಲಿಫೈಯರಿಗೆ ಸೇರುವ ಮೊದಲು ಅದನ್ನು ಎತ್ತಿಕೊಡಲು ಸ್ಟೆಪ್-ಅಪ್ ಡಬ್ಬಿ ಬೇಕು. ಕಾಕಾ ರಾಣೇಬೆನ್ನೂರಿನ ರೇಡಿಯೋ ರಿಪೇರಿಯವರಿಂದ ಎರಡು ಡಬ್ಬಿ ಮಾಡಿಸಿ ತಂದರು. ಒಂದು ಹತ್ತು ಪಟ್ಟು ಎತ್ತುವುದು, ಇನ್ನೊಂದು ಮೂವತ್ತು ಪಟ್ಟು.

“ಮೂವತ್ತರದ್ದು ಜೋರೈತಿ ಖರೇ. ಆದ್ರ ಸುರುಳಿ ಮ್ಯಾಲ ಭಾರ ಬೀಳ್ತೈತಿ, ಬಾಯಾಗ ಅರಿವಿ ತುರುಕಿ ಹಾಡಿಸಿದಂಗ. ಹತ್ತರದ್ದ ಇದಕ್ಕ ಕೂಡೋದು” ಎಂದರು ಕಾಕಾ.

“ಸಪ್ಪಳ ಒಂದ ಮಟ್ಟಕ್ಕ ಇಟ್ರ ಎರಡೂ ಒಂದ ರೀ ಕಾಕಾ. ಉಳಿದಿದ್ದೆಲ್ಲಾ ನಿಮ್ಮ ಭ್ರಮಾ.”

“ಹಂಗಾರ ಪರೀಕ್ಷಾ ಮಾಡ್ರಿ ವಕೀಲ್ರ!”

ಪೇಟಿ ಒಯ್ಯಲು ಬಂದಿದ್ದ ಗುತ್ತಲದ ಭಜನಾ ಮಾಸ್ತರರು ಗೋಡೆಗೆ ಒರಗಿ, “ಸಾಕ್ಷಿಗೆ ನಾ ಅದೇನಿ, ನಡೀಲಿ” ಎಂದು ನಕ್ಕರು.

ಪ್ಲೇಯರಿನ ಮುಂದೆ ಧೋತರ ಕಟ್ಟಿದೆವು. ನಾನು ಹಿಂದೆ ಕೂತು ಡಬ್ಬಿ ಬದಲಿಸುವುದು, ಸಪ್ಪಳ ಸಮ ಮಾಡುವುದು, ಯಾವ ಡಬ್ಬಿ ಎಂದು ಚೀಟಿಯಲ್ಲಿ ಬರೆಯುವುದು. ಐದು ಸಲ. ಕಾಕಾ ಕಣ್ಣು ಮುಚ್ಚಿ ಕೇಳಿ ಹೇಳಿದರು: ಹತ್ತು. ಮೂವತ್ತು. ಮೂವತ್ತು. ಹತ್ತು. ಮೂವತ್ತು.

ಐದೂ ಸರಿಯಾಗಿದ್ದವು.

ಸೋಲುವುದು ನನಗೆ ಅಭ್ಯಾಸವಿರಲಿಲ್ಲ. ಧೋತರ ಸರಿಸಿ, ಚೀಟಿ ನೋಡುತ್ತ, “ಎರಡು ಸರಿ, ಮೂರು ತಪ್ಪು” ಎಂದೆ.

ಮಾಸ್ತರರು ಹೊಟ್ಟೆ ಹಿಡಿದು ನಕ್ಕರು. ಕಾಕಾ ಚೀಟಿ ತೋರಿಸು ಎನ್ನಲಿಲ್ಲ. ಮನೆಯ ಮಗನ ಕೈಯಲ್ಲಿದ್ದ ಚೀಟಿ. ಕೇಳಿದರೆ ಅವಮಾನ ಮಾಡಿದಂತೆ. “ಎರಡ ಏನು?” ಎಂದು ಕಿವಿಯಲ್ಲಿ ಬೆರಳಾಡಿಸಿಕೊಂಡರು, ಅಷ್ಟೇ.

ಹದಿನೈದು ದಿನ ಬಿಟ್ಟು ಬ್ಯಾಡಗಿಗೆ ಹೋದಾಗ ಪಡಸಾಲೆಯಲ್ಲಿ ನಾಲ್ಕು ಪೇಟಿ ಮುಚ್ಚಿಟ್ಟಂತೆಯೇ ಇದ್ದವು. ಕಾಕು ನೀರು ಕೊಡುತ್ತ, “ನಿಮ್ಮ ಕಾಕಾ ರೀಡ್ ಮುಟ್ಟವಲ್ರು ನೋಡಪಾ. ಕಿವಿ ಹೋಗ್ಯಾವ, ಮಂದಿ ಪೇಟಿ ಯಾಕ ಕೆಡಿಸ್ಲಿ ಅಂತಾರ” ಎಂದರು.

ವಾದದಲ್ಲಿ ಎದುರಾಳಿ ಸೋತು ಕೂರುವುದನ್ನು ಎಷ್ಟೋ ಸಲ ನೋಡಿದ್ದೆ. ನನ್ನನ್ನು ನಂಬಿ ಯಾರೂ ಸೋತಿರಲಿಲ್ಲ. ಅವರು ಅನುಮಾನಿಸಬೇಕಾದದ್ದು ನನ್ನನ್ನು. ಅನುಮಾನಿಸಿದ್ದು ಮೂವತ್ತು ವರ್ಷ ಅನ್ನ ಕೊಟ್ಟ ಕಿವಿಯನ್ನು.

ಅಂದೇ ಹೇಳಿಬಿಟ್ಟೆ. “ಕಾಕಾ, ಅವತ್ತು ಸುಳ್ಳು ಹೇಳಿದ್ನಿರಿ. ಐದೂ ಸರಿ ಇದ್ವು.”

“ಐದೂ?”

“ಐದೂ.”

ಬೈಯುತ್ತಾರೆಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಎದ್ದು ಹೋಗಿ ಒಂದು ಪೇಟಿ ಬಿಚ್ಚಿದರು. ರೀಡು ಕೆರೆದರು, ನುಡಿಸಿದರು, ತಿರುಗಿ ನನ್ನನ್ನೇ ಕೇಳಿದರು: “ಕೂಡೇತೇನು?”

“ನನಗ ಸ್ವರ ತಿಳಿಯಂಗಿಲ್ರಿ ಕಾಕಾ.”

“ಅವತ್ತು ಭಾಳ ತಿಳದಿತ್ತಲ್ಲೋ!” ಎಂದು ನಕ್ಕರು. ಆದರೂ ಅದೇ ರೀಡನ್ನು ಮತ್ತೆ ಬಿಚ್ಚಿದರು.

ಸಂಜೆ ಮಾಸ್ತರರು ಮೇಳದ ಇನ್ನೊಂದು ಪೇಟಿ ಒಯ್ಯಲು ಬಂದರು. ಹಿಂದೆಲ್ಲ ಕಾಕಾ ಪೇಟಿಯನ್ನು ಅರಿವೆಯಲ್ಲಿ ಸುತ್ತಿ, “ಒಯ್ರಿ, ಆಗೇತಿ” ಎಂದು ಮುಂದಕ್ಕೆ ತಳ್ಳುವರು. ಅಂದು ಮಾಸ್ತರರನ್ನು ಎದುರಿಗೆ ಕೂರಿಸಿಕೊಂಡು ಪೇಟಿಯ ಒಂದೊಂದೇ ಸ್ವರದ ಮನೆ ಒತ್ತುತ್ತ, ಪ್ರತಿ ಸಲವೂ ಅವರ ಮುಖ ನೋಡುತ್ತ ಕೇಳಿದರು: “ಇದು ಸರಿ ಐತೇನ್ರಿ? ಇದು?”