ಚನ್ನಮಲ್ಲಪ್ಪ ಡಾಕ್ಟರರು ಸೂಜಿ ಬಿಟ್ಟದ್ದು

೧೯೫೨ರಲ್ಲಿ ರಬಕವಿಯ ಸೀರೆ ವ್ಯಾಪಾರಿ ಬಸಗೊಂಡಪ್ಪ ಹೊಟ್ಟೆನೋವೆಂದು ಡಾಕ್ಟರ್ ಚನ್ನಮಲ್ಲಪ್ಪನವರ ಹತ್ತಿರ ಬಂದ. ಸೂಜಿ ಮಾಡಿಸಿಕೊಂಡು ಮನೆಗೆ ಹೋದವನು ಒಂದೇ ತಾಸಿನಲ್ಲಿ ಸತ್ತ. ಸಂಜೆಯೊಳಗೆ ಇಡೀ ಊರು ವೈದ್ಯಶಾಸ್ತ್ರ ಕಲಿತುಬಿಟ್ಟಿತು. ಯಾವ ವಿಷ ಎಷ್ಟು ಹೊತ್ತಿಗೆ ಕೊಲ್ಲುತ್ತದೆಂದು ಮಗ್ಗದ ಮುಂದೆ ಕೂತವರೆಲ್ಲ ಹೇಳತೊಡಗಿದರು. ಸತ್ತವನ ತಮ್ಮ ಶಂಕರೆಪ್ಪನಂತೂ ದವಾಖಾನೆಯ ಮುಂದೆ ನಿಂತು, "ಕೊಲೆಗಡುಕ ಅದಾನ್ರೀ ಇಂವಾ!" ಎಂದು ಕೂಗಿದ.

ಪೊಲೀಸರು ಹೊಟ್ಟೆಯ ಭಾಗಗಳನ್ನು ಪರೀಕ್ಷೆಗೆ ಕಳಿಸಿದರು. ವರದಿ ಬರಲು ಮೂರು ತಿಂಗಳು ಹಿಡಿಯಿತು. ಅಷ್ಟರಲ್ಲಿ ಡಾಕ್ಟರರಿಗೇ ತಮ್ಮ ಮೇಲೆ ಸಂಶಯ ಹುಟ್ಟಿತು. ಅವತ್ತು ಬೇರೆ ಬಾಟಲಿ ಎತ್ತಿಕೊಂಡೆನೇ? ಒಂದು ಮಧ್ಯಾಹ್ನ ಅದೇ ಪೆಟ್ಟಿಗೆಯ ಔಷಧವನ್ನು ತಮ್ಮ ತೋಳಿಗೆ ಚುಚ್ಚಿಕೊಂಡು, ಬಾಗಿಲು ಹಾಕಿ, ಸಾವಿಗಾಗಿ ಕಾದು ಕೂತರು. ಏನೂ ಆಗಲಿಲ್ಲ. ಸಂಶಯವೂ ಹೋಗಲಿಲ್ಲ.

ಕೊನೆಗೆ ವರದಿ ಬಂತು. ಹೊಟ್ಟೆಯಲ್ಲಿದ್ದದ್ದು ಪಾಷಾಣ. ಆಗ ಸತ್ತವನ ಹೆಂಡತಿ ಸಾವಕ್ಕ ಬಾಯಿಬಿಟ್ಟಳು. ಗಂಡಸುತನ ಹೆಚ್ಚಲೆಂದು ಬಸಗೊಂಡಪ್ಪ ಯಾವನೋ ಬೈರಾಗಿಯ ಭಸ್ಮ ತಿನ್ನುತ್ತಿದ್ದ. ಅದನ್ನು ತಂದುಕೊಟ್ಟವನು ಶಂಕರೆಪ್ಪನೇ. ಮನೆತನದ ಮಾನ ಹೋದೀತೆಂದು ಇಬ್ಬರೂ ಭಸ್ಮದ ಮಾತು ಮುಚ್ಚಿಟ್ಟಿದ್ದರು. ಡಾಕ್ಟರರ ಮಾನಕ್ಕೇನು, ಅದು ಬೇರೆಯವರದು.

ಮರುದಿನ ಊರ ಹಿರಿಯರು ಹಾರ ಹಿಡಿದು ಬಂದರು.

"ನಿಮ್ಮದೇನೂ ತಪ್ಪಿಲ್ಲಂತ ನಮಗ ಮೊದಲ ಗೊತ್ತಿತ್ರಿ, ಡಾಕ್ಟರ್ ಸಾಹೇಬ್ರ."

"ನನಗ ಗೊತ್ತಿರಲಿಲ್ರಿ," ಎಂದರು ಡಾಕ್ಟರರು. "ಒಬ್ಬರರ ಬಂದು ಹೇಳಬಾರದಾಗಿತ್ತೇನ್ರಿ?"

ಮುಂದೆ ಅವರು ಜಮಖಂಡಿಯಲ್ಲಿ ದವಾಖಾನೆ ತೆಗೆದರು. ಗುಳಿಗೆ ಕೊಟ್ಟರೇ ಹೊರತು ಸಾಯುವವರೆಗೂ ಸೂಜಿ ಹಿಡಿಯಲಿಲ್ಲ. ರಬಕವಿಯವರು ಅಲ್ಲಿಗೂ ಬಂದು, ಸೂಜಿ ಮಾಡದ ಇವನೆಂಥ ಡಾಕ್ಟರನೆಂದು ಗೊಣಗುತ್ತಿದ್ದರು.