ಹುಬ್ಬಳ್ಳಿಯಿಂದ ಬಂದ ಆಮೆ

ಆಮೆ ನನ್ನ ಮನೆಗೆ ಬಂದದ್ದು ಮಿಕ್ಸರ್‌ ಕಂಪನಿಯ ಖಾಲಿ ರಟ್ಟಿನ ಡಬ್ಬಿಯಲ್ಲಿ. ಹುಬ್ಬಳ್ಳಿಯಿಂದ ಶಿರಸಿಯವರೆಗೂ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಡಬ್ಬಿಯೊಳಗೆ ಆಗಾಗ ಪರಪರ ಸದ್ದಾಗುತ್ತಿತ್ತು. ಪಕ್ಕದಲ್ಲಿ ಕೂತಿದ್ದವರು ಒಮ್ಮೆ ನನ್ನನ್ನೂ ಒಮ್ಮೆ ಡಬ್ಬಿಯನ್ನೂ ನೋಡಿ ಮುಂಡಗೋಡಿನಲ್ಲಿ ಬೇರೆ ಸೀಟಿಗೆ ಹೋದರು.

ಅದು ನನ್ನ ಮಗಳ ಆಮೆ. ಇಲ್ಲಿಯ ಜಾತಿಯಲ್ಲ, ನಮ್ಮ ಕಾಡಿನ ಆಮೆಗಳನ್ನು ಮನೆಯಲ್ಲಿ ಸಾಕುವಂತಿಲ್ಲ. ಆಫ್ರಿಕದ ಒಣನೆಲದ್ದು. ನಾವು ಮೂವರೂ ಒಂದೇ ಮನೆಯಲ್ಲಿದ್ದಾಗ, ಬೇಕಾದ ಕಾಗದಪತ್ರವೆಲ್ಲ ಮಾಡಿಸಿ ಅವಳ ಹುಟ್ಟುಹಬ್ಬಕ್ಕೆ ತಂದುಕೊಟ್ಟಿದ್ದೆವು. ಆಮೇಲೆ ನಾನೂ ನನ್ನ ಹೆಂಡತಿಯೂ ಬೇರೆಯಾದೆವು. ಜಗಳವೇನೂ ದೊಡ್ಡದಾಗಲಿಲ್ಲ. ಮಾತು ಕಡಿಮೆಯಾಗುತ್ತ ಆಗುತ್ತ ಒಂದು ದಿನ ಆಡುವುದಕ್ಕೆ ಏನೂ ಉಳಿಯಲಿಲ್ಲ, ಅಷ್ಟೇ. ಅವಳು ಮಗಳೊಂದಿಗೆ ಹುಬ್ಬಳ್ಳಿಯಲ್ಲಿ ಉಳಿದಳು. ನಾನು ಕಂಪನಿಯಲ್ಲಿ ಕೇಳಿಕೊಂಡು ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಗೆ ವರ್ಗ ಮಾಡಿಸಿಕೊಂಡೆ. ನನ್ನದು ಮೆಡಿಕಲ್ ರೆಪ್ರೆಸೆಂಟೇಟಿವ್ ಕೆಲಸ. ಬ್ಯಾಗು ಹಿಡಿದು ಡಾಕ್ಟರುಗಳ ಬಾಗಿಲಲ್ಲಿ ಕಾಯುವುದು, ಒಳಗೆ ಕರೆದರೆ ಕ್ಯಾಲ್ಸಿಯಂ ಮಾತ್ರೆಯ ಗುಣಗಾನ ಮಾಡಿ ಹೊರಬರುವುದು.

ಹೆಂಡತಿ ಮಗಳು ಬಾಲ್ಕನಿಯಿಲ್ಲದ ಚಿಕ್ಕ ಮನೆಗೆ ಹೋದಾಗ ಆಮೆ ನನ್ನ ಪಾಲಿಗೆ ಬಂತು. ಡಬ್ಬಿ ಕೈಗೆ ಕೊಡುವಾಗ ಮಗಳು ಹೇಳಿದ್ದಳು: "ಅಪ್ಪಾ, ಅದಕ್ಕ ಬಾಳೆಹಣ್ಣಂದ್ರ ಜೀವ. ದಿನಾ ಕೊಡು. ಬೈಬ್ಯಾಡ ಅದಕ್ಕ."

ಬೈಯುವ ಪ್ರಶ್ನೆಯೇ ಇರಲಿಲ್ಲ. ಶಿರಸಿಯ ಮನೆಯಲ್ಲಿ ನಾನು ದನಿಯೆತ್ತಿ ಮಾತಾಡಿದ್ದೇ ಕಡಿಮೆ. ಎರಡು ಕಟ್ಟಡಗಳ ನಡುವೆ ಸಿಕ್ಕಿಕೊಂಡ ನೆಲಮಾಳಿಗೆಯ ಬಾಡಿಗೆ ಮನೆ ಅದು. ಬೆಳಿಗ್ಗೆ ಆಮೆಗೆ ಬಾಳೆಹಣ್ಣು, ಟೊಮೆಟೊ, ಸೌತೆಕಾಯಿ ಹೆಚ್ಚಿಟ್ಟು ಹೊರಟರೆ ಸಂಜೆ ಬರುತ್ತಿದ್ದೆ. ಅದು ಬೆಳಿಗ್ಗೆ ಬಿಟ್ಟ ಮೂಲೆಯಲ್ಲಿ ಕಾಣದಿದ್ದರೆ ಮನೆಯಿಡೀ ಹುಡುಕುತ್ತಿದ್ದೆ. ಮನೆಗೆ ಬಂದು ಹುಡುಕುವುದಕ್ಕೆ ಒಂದು ಜೀವವಿದೆಯಲ್ಲ ಎಂದು ಹಿತವಾಗುತ್ತಿತ್ತು.

ಭಾನುವಾರ ಮಗಳ ವಿಡಿಯೊ ಕಾಲ್ ಬರುತ್ತಿತ್ತು. "ತೋರ್ಸು" ಎನ್ನುವಳು. ನಾನು ನೆಲಕ್ಕೆ ಬಗ್ಗಿ ಫೋನನ್ನು ಆಮೆಯ ಎದುರು ಹಿಡಿಯಬೇಕು. ಹಾಗೆ ಹಿಡಿದರೆ ನನಗೆ ಕಾಣುತ್ತಿದ್ದದ್ದು ಫೋನಿನ ಬೆನ್ನು ಮಾತ್ರ. ಅವಳು ಆಮೆಯೊಂದಿಗೆ ಶಾಲೆಯ ಸುದ್ದಿ, ಗೆಳತಿಯರ ಸುದ್ದಿ ಎಲ್ಲ ಹೇಳುವಳು. ನಾನು ಕೈ ನೋಯುವವರೆಗೆ ಹಿಡಿದು ಕೇಳಿಸಿಕೊಳ್ಳುತ್ತಿದ್ದೆ.

ಡಿಸೆಂಬರಿನ ಚಳಿ ಹಿಡಿದಾಗ ಆಮೆ ತಿನ್ನುವುದನ್ನು ಬಿಟ್ಟಿತು. ಮೊದಲು ಚಳಿಗೆ ಹಾಗೆ ಅಂದುಕೊಂಡೆ. ಆಮೇಲೆ ಕಣ್ಣಿನ ರೆಪ್ಪೆ ಊದಿ ಮುಚ್ಚಿಕೊಂಡಿತು. ಮೂಗಿನಲ್ಲಿ ಗುಳ್ಳೆ ಬರತೊಡಗಿತು. ಎತ್ತಿಕೊಂಡಾಗ ಚಿಪ್ಪಿನ ಅಂಚು ಹೆಬ್ಬೆರಳಿಗೆ ಸ್ವಲ್ಪ ಬಾಗಿತು. ಕಲ್ಲಿನಂತಿರಬೇಕಾದದ್ದು ಒದ್ದೆ ರಟ್ಟಿನಂತಿತ್ತು. ಆಗಲೇ ಮಗಳಿಗೆ ಫೋನ್ ಮಾಡಿ ಹೇಳಿದೆ. ಅವಳು ಅತ್ತಳು. ಹಿಂದಿನಿಂದ ಅವಳ ಅಮ್ಮನ ದನಿ ಕೇಳಿಸಿತು: "ಡಾಕ್ಟರ್ ಕಡೆ ಒಯ್ಯಾಕ ಹೇಳು."

ಮರುದಿನ ಸಿದ್ದಾಪುರದ ಕೆಲಸ ಬಿಟ್ಟು ಪಶುವೈದ್ಯರೊಬ್ಬರ ಬಳಿ ಒಯ್ದೆ. ನಡುವಯಸ್ಸಿನವರು. ನನ್ನ ಮುಂದೆ ಆಕಳ ಕರು ಹಿಡಿದುಕೊಂಡ ಒಬ್ಬರಿದ್ದರು, ಹಿಂದೆ ನಾಯಿಗಳು. ಡಬ್ಬಿ ತೆರೆದಾಗ ಡಾಕ್ಟರು ಕನ್ನಡಕ ಹಣೆಗೇರಿಸಿದರು.

"ನಂಗೆ ದನ ಗೊತ್ತು, ನಾಯಿ ಗೊತ್ತು. ಇದು ಅಷ್ಟಾಗಿ ಗೊತ್ತಿಲ್ಲೆ, ಸುಳ್ಳು ಹೇಳೂದಿಲ್ಲ. ಸ್ವಲ್ಪ ನಿಲ್ಲಿ, ನನ್ನ ಕ್ಲಾಸ್‌ಮೇಟ್ ಒಬ್ಬಳು ಇಂಥಾದ್ದನ್ನೇ ನೋಡ್ತಾಳೆ. ಕೇಳ್ತೆ" ಎಂದು ಫೋನ್ ಹಚ್ಚಿದರು. ಬಹಳ ಹೊತ್ತು ಮಾತಾಡಿದರು. ನಡುನಡುವೆ ನನ್ನತ್ತ ತಿರುಗಿ ಪ್ರಶ್ನೆ.

"ಎಂತ ತಿನ್ನಿಸ್ತಿದ್ರಿ?"

ಹೇಳಿದೆ.

"ಬಾಳೆಹಣ್ಣು ಬೇಡವೇ ಬೇಡ. ಇದು ಹುಲ್ಲು ತಿಂದು ಬದುಕೋ ಜಾತಿ. ಸಿಹಿ ಹಣ್ಣು ಹೊಟ್ಟೆ ಕೆಡಿಸ್ತದೆ. ನೀರು?"

"ಬಟ್ಟಲಲ್ಲಿ ಇಟ್ಟಿರ್ತೀನಿ."

"ಅದು ಸಾಲೂದಿಲ್ಲ. ದಿನಾ ಬೆಳಿಗ್ಗೆ ಬೆಚ್ಚಗಿನ ನೀರಲ್ಲಿ ಕೂರಿಸಬೇಕು. ಬಿಸಿಲು ಎಲ್ಲಿ ಬೀಳ್ತದೆ ಮನೇಲಿ?"

ಯೋಚಿಸಿದೆ. ಅಡುಗೆಮನೆಯಲ್ಲಿ ಇಲ್ಲ, ನಡುಮನೆಯಲ್ಲಿ ಇಲ್ಲ. ಅಷ್ಟು ಕಾಲದಿಂದ ಅಲ್ಲಿದ್ದೆ, ಮನೆಯೊಳಗೆ ಬಿಸಿಲು ಬರುವುದೇ ಇಲ್ಲ ಎಂಬುದನ್ನು ಡಾಕ್ಟರ ಮುಂದಿನ ಬೆಂಚಿನ ಮೇಲೆ ಕೂತಾಗಲೇ ಮೊದಲು ಗಮನಿಸಿದ್ದು.

ಡಾಕ್ಟರು ಮುಂಗಾಲಿಗೆ ಇಂಜೆಕ್ಷನ್ ಕೊಟ್ಟರು. ಬಿಸಿಲಿಲ್ಲದೆ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ, ಅದಕ್ಕೇ ಚಿಪ್ಪು ಮೆತ್ತಗಾಗಿದೆ ಎಂದರು. ನನ್ನ ಬ್ಯಾಗಿನ ಮೇಲಿದ್ದ ಕಂಪನಿಯ ಹೆಸರು ನೋಡಿ, "ನಿಮ್ಮ ಮಾತ್ರೆ ಪುಡಿ ಮಾಡಿ ಹಾಕಿಬಿಡಬೇಡಿ ಮತ್ತೆ. ಮನುಷ್ಯರ ಅಳತೆ ಬೇರೆ. ವಿಟಮಿನ್ ಹೆಚ್ಚಾದ್ರೂ ಸಾಯ್ತದೆ. ನಾ ಬರೆದುಕೊಟ್ಟಿದ್ದು ಮಾತ್ರ, ಚಿಟಿಕೆ, ವಾರಕ್ಕೆ ಎರಡು ಸಲ" ಎಂದರು.

ಅಲ್ಲಿಂದ ನನ್ನ ಬೆಳಗುಗಳು ಬದಲಾದವು. ಎದ್ದ ಕೂಡಲೇ ನೀರು ಕಾಯಿಸಿ, ಕೈಗೆ ಬೆಚ್ಚಗೆನ್ನಿಸುವಷ್ಟಾದಾಗ ಬಟ್ಟೆ ತೊಳೆಯುವ ಪ್ಲಾಸ್ಟಿಕ್ ಟಬ್ಬಿಗೆ ಸುರಿದು, ಆಮೆಯನ್ನು ಅದರ ಗಲ್ಲ ಮುಳುಗದಷ್ಟು ನೀರಿನಲ್ಲಿ ಬಿಡುತ್ತಿದ್ದೆ. ಒಂದಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಅದು ನಿಧಾನ ಕುತ್ತಿಗೆ ಚಾಚಿ ಮೂಗಿನವರೆಗೆ ಮುಳುಗಿಸಿ ಕುಡಿಯುತ್ತಿತ್ತು. ಗಂಟಲು ಏರಿಳಿಯುವುದು ಕಾಣುತ್ತಿತ್ತು. ಅದು ನೀರು ಕುಡಿದು ಮುಗಿಸುವ ಹೊತ್ತಿಗೆ ನನ್ನ ಚಹಾವೂ ಮುಗಿಯುತ್ತಿತ್ತು. ಇನ್ನೊಂದು ಜೀವದ ಜೊತೆ ಕೂತು ಬೆಳಗಿನ ಚಹಾ ಕುಡಿದು ಎಷ್ಟು ಕಾಲವಾಗಿತ್ತೋ.

ಬಿಸಿಲಿಗಾಗಿ ಮೇಲಿನ ಮನೆಯ ಯಜಮಾನತಿಯನ್ನು ಕೇಳಿದೆ. ಗಂಡ ತೀರಿದ ಮೇಲೆ ಒಬ್ಬರೇ ಇದ್ದರು. ಬಾಡಿಗೆ ಕೊಡುವಾಗ ಬಿಟ್ಟರೆ ಅವರೊಂದಿಗೆ ಮಾತಾಡಿದವನಲ್ಲ. "ಟೆರೇಸಿನ ಮೇಲೆ ಬಿಟ್ಟು ಹೋಗಿ. ಹಪ್ಪಳ ಒಣಗಿಸೂಕೆ ನಾ ಹೆಂಗಿದ್ರೂ ಅಲ್ಲೇ ಕೂತಿರ್ತೆ. ಕಾಗೆ ಬರದ ಹಾಗೆ ನೋಡ್ತೆ" ಎಂದರು. ನೆರಳಿಗೆ ಒಂದು ಹಲಗೆ ಆನಿಸಿಟ್ಟು ಅಲ್ಲಿ ಬಿಟ್ಟೆ.

ಮೇವು ತರುವುದು ನನ್ನ ಕೆಲಸದ ದಾರಿಯಲ್ಲೇ ಆಗುತ್ತಿತ್ತು. ಸಿದ್ದಾಪುರದ ದಾರಿಯಲ್ಲಿ ಔಷಧಿ ಹೊಡೆಯದ ಜಾಗ ನೋಡಿ ಬೈಕು ನಿಲ್ಲಿಸಿ ಗರಿಕೆ ಕೀಳುತ್ತಿದ್ದೆ. ದಾಸವಾಳದ ಎಲೆ, ಹೂವು, ಹಿಪ್ಪುನೇರಳೆಯ ಎಲೆ ಎಲ್ಲವೂ ಸ್ಯಾಂಪಲ್ ಬ್ಯಾಗಿನಲ್ಲೇ ಬರುತ್ತಿದ್ದವು. ತ್ಯಾಗಲಿಯ ಹತ್ತಿರ ಒಮ್ಮೆ ಟೈ ಕಟ್ಟಿಕೊಂಡು ಕುಕ್ಕರಗಾಲಲ್ಲಿ ಕೂತು ಕೀಳುತ್ತಿದ್ದಾಗ, ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತ ಹೆಂಗಸೊಬ್ಬರು ನಿಂತರು.

"ಎಂತಕ್ಕಾ ಗರಿಕೆ? ಗಣಪತಿ ಪೂಜೆಗನಾ?"

"ಇಲ್ಲಮ್ಮ, ಆಮೆಗೆ."

"ಆಮೆಗಾ!" ಅವರು ಹೊರೆ ಇಳಿಸದೆಯೇ ನಕ್ಕರು. "ಮನೇಲಿ ಮತ್ತೆ ಯಾರೂ ಇಲ್ಲೆನಾ?"

ತಮಾಷೆಗೆ ಕೇಳಿದ ಮಾತು ಅದು. "ಇಲ್ಲ" ಎಂದೆ. ಅವರ ನಗು ನಿಂತಿತು. "ಆ ಬೇಲಿ ಬದಿಗೆ ಚೊಲೋ ಇದ್ದು, ಅಲ್ಲಿ ಕೀಳಿ" ಎಂದು ಕೈ ತೋರಿಸಿ ಹೋದರು.

ಕುಮಟಾದಿಂದ ಬರುವ ಮೀನಿನವರ ಹತ್ತಿರ ಹೇಳಿಟ್ಟು ಕಡಲನೊರೆಯನ್ನೂ ತರಿಸಿದೆ. ಬೊಂಡಾಸ್ ಜಾತಿಯ ಮೀನಿನ ಬೆನ್ನೊಳಗಿನ ಬಿಳಿ ಹಗುರ ಚಿಪ್ಪು ಅದು, ಪೂರಾ ಕ್ಯಾಲ್ಸಿಯಂ. ಆಮೆ ಬೇಕೆನಿಸಿದಾಗ ಕೆರೆದು ತಿನ್ನಲಿ ಎಂದು ಮೂಲೆಯಲ್ಲಿಟ್ಟೆ.

ಆ ದಿನಗಳಲ್ಲಿ ಮಗಳು ದಿನವೂ ಫೋನ್ ಮಾಡಿದಳು. "ಕಣ್ಣು ತೆಗೀತೇನು? ಮೂಗು ಹೆಂಗೈತಿ? ತೂಕ ನೋಡಿದೇನು?" ಈಗ ಅವಳ ಮಾತೆಲ್ಲ ನನ್ನೊಂದಿಗೇ. ಯಲ್ಲಾಪುರದ ಯಾವುದೋ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಕೂತು ನಾನು ಆಮೆಯ ಮೂತ್ರದ ಬಣ್ಣ ವಿವರಿಸುತ್ತಿದ್ದರೆ, ಅವಳು "ಬಿಳೇದು ಬಂದ್ರ ಗಟ್ಟಿ ಇತ್ತೋ ಮೆತ್ತಗಿತ್ತೋ ನೋಡ್ಬೇಕಪ್ಪಾ. ಗಟ್ಟಿ ಇದ್ರ ನೀರು ಕಡಿಮಿ ಆಗೇತಿ ಅಂತ" ಎಂದು ತಾನು ಓದಿ ತಿಳಿದದ್ದನ್ನು ಹೇಳುವಳು. ಕಾಯುತ್ತ ಕೂತ ರೋಗಿಗಳು ನನ್ನನ್ನೇ ನೋಡುತ್ತಿದ್ದರು. ನಾನು ಫೋನ್ ಇಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಟಬ್ಬಿನ ನೀರಿನಲ್ಲಿ ಅದು ಎರಡೂ ಕಣ್ಣು ತೆರೆದು ನನ್ನತ್ತ ನೋಡಿತು. ದಾಸವಾಳದ ಹೂವು ಮುಂದಿಟ್ಟೆ. ವಾಸನೆ ನೋಡಿ, ಬಾಯಿ ಹಾಕಿ, ತಪ್ಪಿ, ಮತ್ತೆ ಬಾಯಿ ಹಾಕಿ ಹರಿದು ತಿಂದಿತು. ವಿಡಿಯೊ ಮಾಡಿ ಕಳಿಸಿದೆ. ಮಗಳು ಶಾಲೆಯಿಂದ ಬಂದು ನೋಡಿ ಕಿರುಚಿದ್ದನ್ನು ಧ್ವನಿಸಂದೇಶವಾಗಿ ಕಳಿಸಿದಳು. ಅದನ್ನು ಎಷ್ಟು ಸಲ ಕೇಳಿದೆನೋ.

ಚಿಪ್ಪು ಗಟ್ಟಿಯಾಗುವುದಕ್ಕೆ ತಿಂಗಳುಗಳೇ ಹಿಡಿದವು. ಅದು ಗಟ್ಟಿಯಾಗುತ್ತ ಹೋದಂತೆ ಫೋನು ಕಡಿಮೆಯಾಯಿತು. ಅವಳಿಗೆ ಪರೀಕ್ಷೆ, ಮತ್ತೆ ಡಾನ್ಸ್ ಕ್ಲಾಸು. "ಆರಾಮ ಐತಲ್ಲ? ಹಂಗಾರ ಸರಿ" ಎಂದು ಇಡುವಳು. ಆರಾಮವಿದ್ದದ್ದು ಸಂತೋಷದ ಸಂಗತಿಯೇ. ಆದರೂ ಫೋನ್ ಇಟ್ಟ ಮೇಲೆ ಅದನ್ನು ಕೈಯಲ್ಲೇ ಹಿಡಿದುಕೊಂಡು ಕೂತಿರುತ್ತಿದ್ದೆ.

ಬೇಸಿಗೆಯಲ್ಲಿ ಹೀಗೇ ಒಂದು ಮಾತಿಗೆ ಮಗಳು ಹೇಳಿದಳು: ಅವರು ಮತ್ತೆ ಮನೆ ಬದಲಿಸಿದ್ದಾರೆ, ಈಗಿನದಕ್ಕೆ ಮುಂದೆ ಅಂಗಳವಿದೆ, ಬೆಳಗಿನಿಂದ ಸಂಜೆಯವರೆಗೂ ಬಿಸಿಲು, ಅಮ್ಮ ಬಿಸಿಲಿಗೆ ಬೈಯುತ್ತಿರುತ್ತಾಳೆ. ಆಮೆ ಇರಬೇಕಾದದ್ದು ಅಲ್ಲಿ ಎಂದು ನನಗೆ ಆ ಕ್ಷಣವೇ ತಿಳಿಯಿತು. ಆದರೂ ಡಾಕ್ಟರನ್ನು ಹೋಗಿ ಕೇಳಿದೆ. ವಿಶೇಷ ದೀಪ ತರಿಸಿದರೆ ಇಲ್ಲಿಯ ಮಳೆಗಾಲ ಕಳೆಯುವುದೇ ಎಂದೆ.

"ಕಳೆಯಬಹುದು" ಎಂದರು ಅವರು. "ದೀಪದ ಬುಡದಲ್ಲಿ ಜೀವ ಹಿಡ್ಕಂಡು ಇರ್ತದೆ. ಆದ್ರೆ ಈ ಥಂಡಿ ಅದರ ಎದೆಗೆ ಒಗ್ಗೂದಲ್ಲ. ಒಣ ಹವೆ ಸಿಗೂ ಹಾಗಿದ್ರೆ ಅಲ್ಲಿಗೇ ಕೊಡಿ."

ಕೆಲವು ದಿನ ಕಳೆದವು. ಆಮೇಲೆ ಹೆಂಡತಿಗೆ ನಾನೇ ಫೋನ್ ಮಾಡಿ, ಮಳೆ ಹಿಡಿಯುವ ಮೊದಲು ಬಂದು ಒಯ್ಯುವಂತೆ ಹೇಳಿದೆ.

ಅವರಿಬ್ಬರೂ ಕಾರು ಮಾಡಿಕೊಂಡು ಬಂದರು. ಮಗಳು ಆಮೆಯನ್ನೆತ್ತಿಕೊಂಡು, ಮೇಲಿನ ಯಜಮಾನತಿಗೆ ತೋರಿಸಲೆಂದು ಟೆರೇಸಿಗೆ ಓಡಿದಳು. ಹೆಂಡತಿ ನಡುಮನೆಯ ಕುರ್ಚಿಯ ತುದಿಯಲ್ಲಿ ಕೂತಳು. ನಾನು ಬೆಚ್ಚಗಿನ ನೀರಿನ ವಿಷಯ, ಹುಲ್ಲಿನ ವಿಷಯ, ಚಿಟಿಕೆ ಪುಡಿಯ ವಿಷಯ ಹೇಳಿದೆ. ಅವಳು ನಡುವೆ ಪ್ರಶ್ನೆ ಕೇಳಿದಳು, ನಾನು ಉತ್ತರ ಕೊಟ್ಟೆ. ಎಷ್ಟೋ ವರ್ಷಗಳಲ್ಲಿ ನಾವು ಅಷ್ಟು ಹೊತ್ತು ಮಾತಾಡಿರಲಿಲ್ಲ. ಹೇಳುವುದೆಲ್ಲ ಮುಗಿದ ಮೇಲೂ ಇನ್ನೇನಾದರೂ ಬಿಟ್ಟುಹೋಗಿದೆಯೇ ಎಂದು ಹುಡುಕಿದೆ. ಬಿಟ್ಟುಹೋದದ್ದೇನೂ ಇರಲಿಲ್ಲ.

"ನೀವು ಬಡಕಲಾಗೀರಿ" ಎಂದಳು ಏಳುವಾಗ.

"ಓಡಾಟ ಜಾಸ್ತಿ" ಎಂದೆ.

ಆಮೆ ಹುಬ್ಬಳ್ಳಿಯಲ್ಲಿ ಚೆನ್ನಾಗಿದೆ. ಅಂಗೈಗೆ ಹಿಡಿಯದಷ್ಟು ಬೆಳೆದಿದೆಯಂತೆ. ಮಗಳು ಭಾನುವಾರ ಕರೆ ಮಾಡುತ್ತಾಳೆ, ಕೆಲವು ಭಾನುವಾರ ಮರೆಯುತ್ತಾಳೆ. ಜುಲೈಯಲ್ಲಿ ಒಂದು ಸಂಜೆ ಹೆಂಡತಿಯ ಫೋನ್ ಬಂತು. ಡಾಕ್ಟರು ಬರೆದ ಪುಡಿ ಖಾಲಿಯಾಗಿದೆ, ಅಲ್ಲಿಯ ಅಂಗಡಿಯಲ್ಲಿ ಬೇರೆ ಹೆಸರಿನದು ಕೊಡುತ್ತಿದ್ದಾರೆ, ನಡೆಯುತ್ತದೆಯೇ ಎಂದು. ಡಬ್ಬಿಯ ಮೇಲಿನದನ್ನು ಓದಿಸಿ ಕೇಳಿದೆ. ನಡೆಯುತ್ತದೆ ಎಂದೆ.

"ಸರಿ" ಎಂದಳು.

"ಸರಿ" ಎಂದೆ.

ಒಂದಷ್ಟು ಹೊತ್ತು ಇಬ್ಬರೂ ಫೋನ್ ಇಡಲಿಲ್ಲ. ಆ ಕಡೆ ಕುಕ್ಕರ್ ಕೂಗಿತು. "ಇಡ್ತೀನಿ" ಎಂದಳು.