ಇಪ್ಪತ್ನಾಲ್ಕನೆಯ ಹಾಳೆ

ತಾವರಗೇರಾದ ಮರ್ದಾನಸಾಬ ಪುಸ್ತಕಗಳಿಗೆ ರಟ್ಟು ಕಟ್ಟುವವನು. ಸಾಲೆಯ ಹಾಜರಿ, ಮಸೀದಿಯ ಕಿತಾಬು, ಹರಿದ ಪಂಚಾಂಗ, ಏನು ಕೊಟ್ಟರೂ ಹೊಲಿದು ಅಂಟು ಬಳಿದು ಗಟ್ಟಿ ಮಾಡುತ್ತಾನೆ. ಹೋರಾಟ ಅಂದರೆ ಅಂಟಿನ ಡಬ್ಬಿ ಮುಚ್ಚದೆಯೇ ಎದ್ದು ಹೋಗುವ ಆಸಾಮಿ. ಆ ಚಟವೇ ಅವನನ್ನು ಕೋರ್ಟಿಗೆ ತಂದಿತ್ತು. ಹಳ್ಳಿಗಳಲ್ಲಿ ಬಸ್ಸು ನಿಲ್ಲಲಿ ಎಂದು ನಡೆದ ರಸ್ತೆ ತಡೆಯಲ್ಲಿ ಯಾರೋ ಬಸ್ಸಿನ ಗಾಜು ಒಡೆದರು. ಕೇಸು ಮರ್ದಾನಸಾಬನ ಮೇಲೆ ಬಿತ್ತು. ಸಾಬೀತಾದರೆ ಜೈಲು.

"ಕಲ್ಲು ಒಗದಾಂವ ನಾನಲ್ಲ. ಆದ್ರ ಬಸ್ಸಿನ ಮುಂದ ಎದಿ ಸೆಟಿಸಿ ನಿಂತಾಂವ ನಾನ" ಎಂದು ಎರಡು ವರ್ಷ ಚಹಾದಂಗಡಿಯಲ್ಲಿ ಹೇಳಿದ್ದೇ ಹೇಳಿದ್ದು.

ಆರೋಪಪಟ್ಟಿಯ ನಕಲು ಕೊಟ್ಟ ದಿನ, 'ಮುಟ್ಟಿತು' ಎಂದು ಬರೆದು ಸಹಿ ಹಾಕಲು ಹೇಳಿದರು. ಚಳವಳಿಯವರೆಲ್ಲ ಕಣ್ಣುಮುಚ್ಚಿ ಹಾಕುತ್ತಾರೆ. ಇವನ ಬೆರಳು ಕೇಳಬೇಕಲ್ಲ. ಕಟ್ಟು ಕೈಗೆ ಬಂದೊಡನೆ ಎಣಿಸತೊಡಗಿತು. ಇಪ್ಪತ್ಮೂರರ ನಂತರ ಇಪ್ಪತ್ತೈದು.

"ಸಾಹೇಬ್ರ, ನಡುವಿನ ಹಾಳಿ ಇಲ್ರಿ. ಹಾಳಿ ತಪ್ಪಿದ ಪುಸ್ತಕ ನಾ ಕಟ್ಟಂಗಿಲ್ಲ, ಸಹೀನೂ ಹಾಕಂಗಿಲ್ಲ" ಎಂದ, ಜಡ್ಜರ ಎದುರಿಗೇ.

ಸರ್ಕಾರಿ ವಕೀಲೆ ಶೈಲಜಾ ತಮ್ಮ ಕಡತ ತಿರುವಿದರು. ಅಲ್ಲೂ ಇರಲಿಲ್ಲ. ತನಿಖೆ ಮಾಡಿದ ಪೊಲೀಸರನ್ನು ಕೇಳಿದರೆ, ಅದು ಕಂಡಕ್ಟರನ ಹೇಳಿಕೆ, ಕೇಸಿಗೆ ಉಪಯೋಗವಿಲ್ಲವೆಂದು ತೆಗೆದಿಟ್ಟಿದ್ದೇವೆ ಎಂದರು. ಶೈಲಜಾ ಹುಬ್ಬು ಗಂಟಿಕ್ಕಿದರು.

"ನಮಗ ಉಪಯೋಗಿಲ್ಲಂದ್ರ ಅವರಿಗೆ ಇರ್ತೈತ್ರಿ. ಮುಚ್ಚಿಟ್ಟು ಗೆಲ್ಲಾಕ ನಾ ಇಲ್ಲಿ ನಿಂತಿಲ್ಲ. ತಂದು ಕೊಡ್ರಿ."

ಮುಂದಿನ ತಾರೀಖಿಗೆ ಹಾಳೆ ಬಂತು, ಸಹಿಯೂ ಬಿತ್ತು. ಮರ್ದಾನಸಾಬನ ವಕೀಲ ಉಮಾಪತಿ ಅದನ್ನು ವರಾಂಡದಲ್ಲಿ ಓದಿ, ಮೀಸೆಯೊಳಗೇ ನಕ್ಕು, ಅವನ ಕೈಗಿಟ್ಟ. ಕಂಡಕ್ಟರ್ ಹೇಳಿದ್ದಿಷ್ಟು: ಗಾಜು ಒಡೆದಾಗ ಮರ್ದಾನಸಾಬ ಬಿಸಿಲು ತಾಳದೆ, ತಾನೇ ತಡೆದ ಬಸ್ಸು ಹತ್ತಿ, ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದ. ಗಾಜಿನ ಸದ್ದಿಗೂ ಏಳಲಿಲ್ಲ.

"ಸಾಬರ, ನೀವು ಪಾರಾದ್ರಿ" ಎಂದ ಉಮಾಪತಿ.

ಸಾಬನ ಮುಖ ಮಾತ್ರ ಇಳಿದಿತ್ತು. ಇದನ್ನು ಬಾಯಿಬಿಟ್ಟು ಹೇಳದೆ ಬಿಡಿಸಲು ಬರುತ್ತದೇನು ಎಂದು ಕೇಳಿದ. ಬರುವುದಿಲ್ಲ, ಕಂಡಕ್ಟರನನ್ನು ಕಟಕಟೆಗೆ ಕರೆದು ಎಲ್ಲರೆದುರೇ ಹೇಳಿಸಬೇಕು ಎಂದ ಉಮಾಪತಿ. ಗೊರಕೆ ಬಿಟ್ಟು ಬರೀ ನಿದ್ದೆ ಅಂದರೆ? ಊಹುಂ, ಬರೀ ನಿದ್ದೆ ಅಂದರೆ ಕಣ್ಣುಮುಚ್ಚಿ ನಾಟಕ ಮಾಡಿದ್ದ ಎನ್ನುತ್ತಾರೆ.

ಜೊತೆಗೆ ಬಂದಿದ್ದ ಹೆಂಡತಿ ರಾಜಾಬೀ ಎಲ್ಲ ಕೇಳಿಸಿಕೊಂಡು ಸೆರಗು ಸರಿಮಾಡಿಕೊಂಡಳು.

"ಮೂವತ್ತು ವರ್ಷ ಆ ಗೊರಕಿ ಕೇಳೀನ್ರಿ ವಕೀಲರ. ಕಂಡಕ್ಟರ್ ಬರ್ಲಿಲ್ಲಂದ್ರ ನಾನ ಸಾಕ್ಷಿ ಹೇಳ್ತೀನಿ."

ಮರ್ದಾನಸಾಬ ಹಾಳೆಯನ್ನು ಉಮಾಪತಿಯ ಕೈಗೆ ಮರಳಿಸಿದ.

"ಕರೀರಿ ಅವನ್ನ. ಆದ್ರ ನಮ್ಮ ಸಂಘಟನೆಯವ್ರು ಬರದ ತಾರೀಖ ನೋಡಿ ಕರೀರಿ."

ಆ ತಾರೀಖಿಗೆ ಸಂಘಟನೆಯವರಷ್ಟೇ ಅಲ್ಲ, ಚಹಾದಂಗಡಿಯವನೂ ಬಾಗಿಲು ಹಾಕಿ ಬಂದಿದ್ದ. ಕಂಡಕ್ಟರ್ ಏನೂ ಬಿಡದೆ ಹೇಳಿದ. ಮರ್ದಾನಸಾಬ ಖುಲಾಸೆಯಾದ.